ಕತ್ತಿರಿ ಬಿಸಿಲಿಗೆ ಬಂದ ಹಸ್ಕಿ

2024ರಲ್ಲಿ ತಮಿಳುನಾಡು ಸರ್ಕಾರ ನಾಯಿ ಸಾಕಣೆಗೊಂದು ನೀತಿ ರೂಪಿಸಿತು. ಅದರಲ್ಲೊಂದು ಪಟ್ಟಿ: ಇಲ್ಲಿನ ಹವೆಗೆ ಒಗ್ಗದ್ದರಿಂದ ರಾಜ್ಯದಲ್ಲಿ ಮರಿ ಮಾಡಿಸಬಾರದ ತಳಿಗಳು. ಸೈಬೀರಿಯನ್ ಹಸ್ಕಿ ಆ ಪಟ್ಟಿಯಲ್ಲಿತ್ತು. ಚೆನ್ನೈಯಲ್ಲೇ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಆ ನೀತಿಯನ್ನು ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ನೀತಿಯ ಹಿಂದಿರುವ ಪ್ರಶ್ನೆ ಮಾತ್ರ ಸರಳ: ಒಂದು ನಾಯಿಯನ್ನು ಅದರ ನೆಲದಿಂದ ಎಷ್ಟು ದೂರ ಒಯ್ಯಬಹುದು?

ಹಸ್ಕಿಯ ನೆಲ ಸೈಬೀರಿಯಾದ ಈಶಾನ್ಯ ತುದಿ. ಕಡಿಮೆ ತಿಂದು, ಹಗುರ ಹೊರೆಯನ್ನು ಬಹುದೂರ ಎಳೆಯಬಲ್ಲ ಈ ನಾಯಿಯನ್ನು ಅಲ್ಲಿನ ಚುಕ್ಚಿ ಜನ ತಲೆಮಾರುಗಳಿಂದ ಆರಿಸಿ ಬೆಳೆಸಿದರು. ಹೆಸರು ಮಾತ್ರ ಅವರದಲ್ಲ. 'ಎಸ್ಕಿಮೊ' ಎಂಬ ಪದ ಇಂಗ್ಲಿಷ್ ಆಡುವವರ ಬಾಯಲ್ಲಿ ಸವೆದು 'ಹಸ್ಕಿ' ಆಯಿತು. ಮೊದಲು ಅದು ಉತ್ತರ ಅಮೆರಿಕದ ಹಿಮನಾಡಿನ ಜನರಿಗೆ ಅಂಟಿತು, ಆಮೇಲೆ ನಾಯಿಗಳಿಗೆ. ಚುಕ್ಚಿಗಳು ಬೇರೆಯೇ ಜನ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಾಯಿಗಳು ಅಲಾಸ್ಕಾದ ನೋಮ್ ಪಟ್ಟಣ ಸೇರಿದವು. 1925ರ ಜನವರಿಯಲ್ಲಿ ಅಲ್ಲಿ ಡಿಫ್ತೀರಿಯಾ ಹಬ್ಬಿತು. ಇಪ್ಪತ್ತು ಮಂದಿ ಚಾಲಕರು ಸರದಿಯಂತೆ ಸ್ಲೆಡ್ಜ್ ಓಡಿಸಿ, ಸುಮಾರು 1,085 ಕಿಲೋಮೀಟರ್ ದೂರದಿಂದ ಐದೂವರೆ ದಿನದಲ್ಲಿ ಔಷಧಿ ತಲುಪಿಸಿದರು. ದಾರಿಯಲ್ಲಿ ಚಳಿ ಮೈನಸ್ 40 ಡಿಗ್ರಿಗಿಂತ ಕೆಳಗಿಳಿದಿತ್ತು. ಎಲ್ಲರಿಗಿಂತ ದೂರ ಓಡಿದ ತಂಡದ ಮುಂದಾಳು ನಾಯಿ ಟೋಗೊ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ಎದ್ದದ್ದು ಕೊನೆಯ ಹಂತ ಓಡಿದ ಬಾಲ್ಟೊನದು.

ಚೆನ್ನೈಯ ನುಂಗಂಬಾಕ್ಕಂನಲ್ಲಿ 2003ರ ಮೇ 31ರಂದು ದಾಖಲಾದ ಉಷ್ಣಾಂಶ 45 ಡಿಗ್ರಿ. ಬಿಸಿಲಿಗಿಂತಲೂ ಕಡಲ ತೇವ ಹೆಚ್ಚು ಕಾಡುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು ನಾಲಿಗೆಯ ತೇವ ಆರಿಸಿಕೊಂಡು ತಣ್ಣಗಾಗುತ್ತದೆ. ಗಾಳಿಯೇ ಒದ್ದೆಯಿದ್ದರೆ ಆ ತೇವ ಬೇಗ ಆರದು.

ಹಾಗೆಂದು ಕೂದಲು ಬೋಳಿಸುವುದು ತಪ್ಪು. ಒಳಪದರ, ಹೊರಪದರಗಳು ಬಿಸಿಲನ್ನೂ ತಡೆಯುತ್ತವೆ. ಉದುರುವ ಒಳಗೂದಲನ್ನು ಬಾಚಿ ತೆಗೆದರೆ ಸಾಕು. ನಡಿಗೆ ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು, ಹಗಲು ತಂಪು ಕೋಣೆ ಬೇಕು. ಜೊಲ್ಲು ಅಂಟಂಟಾಗಿ ನಾಯಿ ತೂರಾಡಿದರೆ ಮೈಗೆ ತಣ್ಣೀರು ಸುರಿದು, ಗಾಳಿ ಹಾಕುತ್ತ ವೈದ್ಯರ ಬಳಿಗೆ ಒಯ್ಯಬೇಕು.

ಸ್ವಭಾವವನ್ನು ಮಾತ್ರ ಯಾವ ಏಸಿಯೂ ಬದಲಿಸದು. ಹಸ್ಕಿ ಕಾವಲಿಗಲ್ಲ, ಅಪರಿಚಿತರಿಗೂ ಬಾಲ ಅಲ್ಲಾಡಿಸುತ್ತದೆ. ಬೊಗಳುವುದಕ್ಕಿಂತ ಊಳಿಡುವುದೇ ಹೆಚ್ಚು. ಗೇಟು ತೆರೆದಿದ್ದರೆ ಓಡುತ್ತದೆ. ನೋಮ್‌ನ ಮಕ್ಕಳನ್ನು ಉಳಿಸಿದ್ದು ಆ ಓಟ, ಆ ದಪ್ಪ ಕೂದಲು. ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಅದಕ್ಕೆ ಭಾರವಾಗುವುದೂ ಅವೇ.