ಬಿಡುತ್ತ ಬೆಳೆದ ವಿದ್ಯೆ

1812ರ ಚಳಿಗಾಲದಲ್ಲಿ ಮಾಸ್ಕೋದಿಂದ ಸೋತು ಹಿಂದಿರುಗುತ್ತಿದ್ದ ನೆಪೋಲಿಯನ್ನನ ಸೈನ್ಯದಲ್ಲಿ ಡೊಮಿನಿಕ್ ಲಾರಿ ಎಂಬ ಶಸ್ತ್ರವೈದ್ಯನಿದ್ದ. ಗಾಯಾಳುಗಳನ್ನು ಕಾಳಗ ಮುಗಿಯುವ ತನಕ ಬಿದ್ದಲ್ಲೇ ಬಿಡುತ್ತಿದ್ದ ಕಾಲದಲ್ಲಿ, ಹಗುರ ಕುದುರೆಗಾಡಿ ಓಡಿಸಿ ಅವರನ್ನು ರಣರಂಗದಿಂದಲೇ ಎತ್ತಿ ತರಿಸಿದವನು ಅವನು. ಅಧಿಕಾರಿಯೋ ಸಿಪಾಯಿಯೋ ಎಂದು ನೋಡದೆ, ಯಾರ ಗಾಯ ಹೆಚ್ಚೋ ಅವರಿಗೆ ಮೊದಲು ಚಿಕಿತ್ಸೆ ಎಂಬ ನಿಯಮವನ್ನು ತಂದವನೂ ಅವನೇ. ತುರ್ತು ವೈದ್ಯದ ಚರಿತ್ರೆಯನ್ನು ಯಾರು ಬರೆದರೂ ಅವನಿಂದಲೇ ಶುರು ಮಾಡುತ್ತಾರೆ. ಅದೇ ಲಾರಿ ಆ ಹಿಮದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಿದ. ಹೆಪ್ಪುಗಟ್ಟಿದ ಕಾಲನ್ನು ಸೈನಿಕರು ರಾತ್ರಿ ಬೆಂಕಿಗೆ ಒಡ್ಡುತ್ತಿದ್ದರು. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುತ್ತಿರಲಿಲ್ಲ. ಮರುದಿನದ ನಡಿಗೆಯಲ್ಲಿ ಅದೇ ಕಾಲು ಮತ್ತೆ ಹೆಪ್ಪುಗಟ್ಟಿ, ಕೊನೆಗೆ ಕೊಳೆಯುತ್ತಿತ್ತು. ಹಾಗಾದರೆ ಕೆಡುಕೆಲ್ಲ ಬಿಸಿಯಲ್ಲೇ ಇದೆ ಎಂದುಕೊಂಡ ಲಾರಿ, ಹಿಮದಿಂದಲೇ ಉಜ್ಜಿ ಎಂದು ಬರೆದ. ಕಂಡದ್ದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು.

ಆ ತಪ್ಪಿಗೆ ಸುಮಾರು ನೂರೈವತ್ತು ವರ್ಷ ಆಯುಸ್ಸು ಸಿಕ್ಕಿತು. 1960ರ ಸುಮಾರಿಗೆ ಅಲಾಸ್ಕದ ಆಂಕರೇಜಿನ ವೈದ್ಯ ವಿಲಿಯಂ ಮಿಲ್ಸ್, ಹೆಪ್ಪುಗಟ್ಟಿದ ಅಂಗವನ್ನು ಮೈಬಿಸಿಗಿಂತ ತುಸುವೇ ಹೆಚ್ಚು ಬಿಸಿಯಿರುವ ನೀರಿನಲ್ಲಿ ಮುಳುಗಿಸಿ ಬೇಗ ಕರಗಿಸುವುದೇ ಲೇಸೆಂದು ರೋಗಿಗಳ ದಾಖಲೆ ಸಮೇತ ತೋರಿಸಿದ. ಜೊತೆಗೊಂದು ಎಚ್ಚರಿಕೆಯೂ ಇತ್ತು: ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಲೇಬೇಡಿ, ಹೆಪ್ಪುಗಟ್ಟಿದ ಕಾಲಿನಲ್ಲೇ ನಡೆದು ಬನ್ನಿ. ಲಾರಿ ಕಂಡ ಅನಾಹುತಕ್ಕೆ ನಿಜವಾದ ವಿವರಣೆ ಸಿಕ್ಕಿದ್ದು ಆಗ. ತುರ್ತು ವೈದ್ಯ ಮತ್ತು ಅದರ ಕವಲಾದ ವೈಲ್ಡರ್‌ನೆಸ್ ಮೆಡಿಸಿನ್, ಅಂದರೆ ಆಸ್ಪತ್ರೆಯಿಂದ ದೂರದ ಬೆಟ್ಟ, ಕಾಡು, ಕಡಲಿನಲ್ಲಿ ಮಾಡುವ ಚಿಕಿತ್ಸೆ, ಇವೆರಡೂ ಹೊಸದನ್ನು ಸೇರಿಸಿಕೊಂಡದ್ದಕ್ಕಿಂತ ಹಳೆಯದನ್ನು ಬಿಟ್ಟೇ ಹೆಚ್ಚು ಬೆಳೆದವು ಎಂದು ನನಗನಿಸುವುದು ಇಂಥ ಕಥೆಗಳಿಂದ.

ತುರ್ತು ವೈದ್ಯ ಪ್ರತ್ಯೇಕ ವಿಭಾಗವಾಗಿ ರೂಪುಗೊಂಡದ್ದು ಅಮೆರಿಕದಲ್ಲಿ, ಅದೂ ಇತ್ತೀಚೆಗೆ. ಅದಕ್ಕೆ ಮುಂಚೆ ಅಲ್ಲಿನ ಆಸ್ಪತ್ರೆಗಳ ತುರ್ತು ಕೋಣೆಯಲ್ಲಿ ಆ ಹೊತ್ತಿಗೆ ಯಾರು ಸಿಕ್ಕಿದರೋ ಅವರೇ ಡಾಕ್ಟರು. 1961ರಲ್ಲಿ ವರ್ಜೀನಿಯದ ಅಲೆಕ್ಸಾಂಡ್ರಿಯಾದಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯ ಮೂವರು ಜೊತೆಗಾರರೊಂದಿಗೆ ಸ್ವಂತ ಪ್ರಾಕ್ಟೀಸ್ ಬಿಟ್ಟು ಇದನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, ಅಪಘಾತದ ಸಾವನ್ನು ಸಮಾಜವೇ ಕಡೆಗಣಿಸಿದ ರೋಗವೆಂದು ಕರೆಯಿತು. ಮರುವರ್ಷ ಪಿಟ್ಸ್‌ಬರ್ಗಿನಲ್ಲಿ ಪೀಟರ್ ಸಾಫರ್ ಕಪ್ಪು ಜನರ ಬಡಾವಣೆಯ ನಿರುದ್ಯೋಗಿ ಯುವಕರಿಗೆ ತರಬೇತಿ ಕೊಟ್ಟು ಫ್ರೀಡಂ ಹೌಸ್ ಆಂಬುಲೆನ್ಸ್ ಕಟ್ಟಿದ. ರೋಗಿಯನ್ನು ಸಾಗಿಸುವುದಷ್ಟೇ ಅಲ್ಲ, ಗಾಡಿಯಲ್ಲೇ ಚಿಕಿತ್ಸೆ ಶುರು ಮಾಡುವುದು ಅವರ ಕೆಲಸವಾಗಿತ್ತು. 1970ರಲ್ಲಿ ಸಿನ್ಸಿನಾಟಿಯಲ್ಲಿ ಮೊದಲ ಸ್ನಾತಕೋತ್ತರ ತರಬೇತಿ, 1979ರಲ್ಲಿ ಪ್ರತ್ಯೇಕ ವೈದ್ಯಶಾಖೆಯ ಮಾನ್ಯತೆ.

ಆ ಮೊದಲ ತಲೆಮಾರಿನಲ್ಲಿ ತರಬೇತಾದವರಲ್ಲಿ ಪಾಲ್ ಆರ್‌ಬ್ಯಾಕ್ ಒಬ್ಬರು. ವಿದ್ಯಾರ್ಥಿಯಾಗಿದ್ದಾಗ ಮೊಂಟಾನದ ಮೂಲನಿವಾಸಿಗಳ ನಡುವೆ ಕೆಲಸ ಮಾಡುತ್ತಾ ಅವರಿಗೆ ಅರಿವಾದದ್ದೇನೆಂದರೆ, ಹಾವು ಕಚ್ಚಿದವರು, ನೀರಿಗೆ ಬಿದ್ದವರು, ಸಿಡಿಲು ಬಡಿದವರು ಬಂದರೆ ತೆರೆದು ನೋಡಲು ಒಂದು ಸರಿಯಾದ ಪುಸ್ತಕವೂ ಇಲ್ಲ. 1983ರಲ್ಲಿ ಸಹೋದ್ಯೋಗಿಗಳೊಡನೆ ಆ ಪುಸ್ತಕವನ್ನು ಹೊರತಂದರು. ಅದೇ ವರ್ಷ ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿ ಹುಟ್ಟಿತು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡುತ್ತಲೇ 2010ರ ಹೈಟಿ ಭೂಕಂಪಕ್ಕೂ 2015ರ ನೇಪಾಳ ಭೂಕಂಪಕ್ಕೂ ಅವರು ಓಡಿದರು. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಪುಸ್ತಕ ಎರಡು ಭಾರಿ ಸಂಪುಟಗಳಾಗಿತ್ತು. ಕಲಿಸುವುದು, ಚಿಕಿತ್ಸೆ ಮಾಡುವುದು ಎರಡನ್ನೂ ಒಂದೇ ಬದುಕಿನಲ್ಲಿ ನಡೆಸುವುದು ಈ ಕ್ಷೇತ್ರದ ರೂಢಿ. ಕಾರಣ ಸರಳ: ಅವಘಡವಾದ ಜಾಗದಲ್ಲಿ ಡಾಕ್ಟರು ಇರುವುದೇ ಅಪರೂಪ. ಅಲ್ಲಿ ಕೈ ಹಚ್ಚುವವನು ಗೈಡು, ಅಡುಗೆಯವನು ಅಥವಾ ಜೊತೆಗಿದ್ದ ಗೆಳೆಯ. ಅವನಿಗೆ ಕಲಿಸದ ವೈದ್ಯ ಅಲ್ಲಿ ಇದ್ದೂ ಇಲ್ಲದಂತೆ.

ಬೆಟ್ಟದ ಕಾಯಿಲೆಯ ವಿಷಯಕ್ಕೆ ಬಂದರೆ ಕಥೆ ನಮ್ಮ ದೇಶಕ್ಕೇ ಬರುತ್ತದೆ. ಎತ್ತರದಲ್ಲಿ ಉಸಿರು ಸಿಕ್ಕದೆ ಸತ್ತವರನ್ನು ನ್ಯುಮೋನಿಯಾ ಎಂದು ಬರೆದುಬಿಡುತ್ತಿದ್ದರು. ಅದು ಶ್ವಾಸಕೋಶದಲ್ಲಿ ನೀರು ತುಂಬುವ ಬೇರೆಯದೇ ಸ್ಥಿತಿ ಎಂದು 1960ರಲ್ಲಿ ಚಾರ್ಲ್ಸ್ ಹ್ಯೂಸ್ಟನ್ ಪ್ರಕಟಿಸಿದರು. ಎರಡೇ ವರ್ಷಕ್ಕೆ ಚೀನಾ ಯುದ್ಧ ಬಂತು. ಬಯಲುಸೀಮೆಯ ಸೈನಿಕರನ್ನು ವಿಮಾನದಲ್ಲಿ ನೇರ ಹಿಮಾಲಯಕ್ಕೆ ಏರಿಸಿದಾಗ ಆದದ್ದನ್ನು ಸೇನಾವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ತಾಳ್ಮೆಯಿಂದ ದಾಖಲಿಸಿದರು. 1969ರಲ್ಲಿ 1,925 ಸೈನಿಕರ ವಿವರಗಳಿದ್ದ ಅವರ ಪ್ರಬಂಧ ಅಮೆರಿಕದ ಪ್ರಮುಖ ವೈದ್ಯಪತ್ರಿಕೆಯಲ್ಲಿ ಬಂತು. ಇಷ್ಟು ದೊಡ್ಡ ಅಧ್ಯಯನ ಮಾಡಿದವರ ಹೆಸರು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು ಎಂಬ ಕೊರಗು ನನಗಿದೆ. ಮೂತ್ರ ಹೋಗಿಸುವ ಫ್ಯೂರೊಸೆಮೈಡ್ ಮತ್ತು ಸ್ಟೀರಾಯ್ಡ್ ಎರಡನ್ನೂ ಅವರು ಶಿಫಾರಸು ಮಾಡಿದ್ದರು. ಎತ್ತರದಲ್ಲಿ ಮೊದಲೇ ಮೈಯ ನೀರು ಆರಿರುವುದರಿಂದ ಮೊದಲನೆಯದನ್ನು ಮುಂದಿನವರು ಕೈಬಿಟ್ಟರು. ಸ್ಟೀರಾಯ್ಡ್ ಉಳಿಯಿತು, ಇವತ್ತು ಚಾರಣಿಗರ ಮದ್ದಿನ ಚೀಲದಲ್ಲಿರುವ ಡೆಕ್ಸಾಮೆಥಸೋನ್ ಆ ವಂಶದ್ದೇ.

1973ರಲ್ಲಿ ನೇಪಾಳದಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಶುರುವಾಯಿತು. ಎವರೆಸ್ಟ್ ದಾರಿಯ ಫೆರಿಚೆಯಲ್ಲಿ, 4,200 ಮೀಟರಿಗೂ ಮೇಲೆ, ಅದರ ಪುಟ್ಟ ಚಿಕಿತ್ಸಾಲಯವಿದೆ. ಪೀಟರ್ ಹ್ಯಾಕೆಟ್ ಅಲ್ಲಿ ಕುಳಿತು 278 ಚಾರಣಿಗರನ್ನು ಪರೀಕ್ಷಿಸಿ, ಅವರಲ್ಲಿ 53 ಶೇಕಡಾ ಜನಕ್ಕೆ ಎತ್ತರದ ಕಾಯಿಲೆ ಇತ್ತೆಂದು 1976ರಲ್ಲಿ ಬರೆದರು. ಲುಕ್ಲಾಕ್ಕೆ ವಿಮಾನದಲ್ಲಿ ಬಂದಿಳಿದವರ ಪಾಡು ನಡೆದು ಬಂದವರಿಗಿಂತ ಕೆಟ್ಟದಾಗಿತ್ತು. ನಿಧಾನವಾಗಿ ಹತ್ತು, ತಲೆನೋವು ಬಂದರೆ ಮುಂದೆ ಹೋಗಬೇಡ, ಜಾಸ್ತಿಯಾದರೆ ಇಳಿ. ಇಷ್ಟು ಹೇಳಲು ಇಷ್ಟೆಲ್ಲ ಲೆಕ್ಕ ಬೇಕಾಯಿತು. ದುಡ್ಡು ಕಟ್ಟಿ, ರಜೆ ಹಾಕಿ ಬಂದವರನ್ನು ಇಳಿಸುವುದು ಈಗಲೂ ಮದ್ದು ಕೊಡುವುದಕ್ಕಿಂತ ಕಷ್ಟ.

ಚಳಿ ಸಾವನ್ನೇ ನಟಿಸಬಲ್ಲದು. 1999ರಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುತ್ತಿದ್ದ ಯುವ ವೈದ್ಯೆಯೊಬ್ಬರು ಹಿಮಗಟ್ಟಿದ ತೊರೆಗೆ ಬಿದ್ದು 80 ನಿಮಿಷ ಸಿಲುಕಿದ್ದರು. ಮೈಯ ಉಷ್ಣತೆ 13.7 ಡಿಗ್ರಿ, ಹೃದಯ ನಿಂತಿತ್ತು. ಟ್ರೋಮ್ಸೊ ಆಸ್ಪತ್ರೆಯವರು ಹಾರ್ಟ್-ಲಂಗ್ ಯಂತ್ರದಿಂದ ರಕ್ತವನ್ನು ಬೆಚ್ಚಗೆ ಮಾಡಿ ಬದುಕಿಸಿದರು. ಮೈ ಬೆಚ್ಚಗಾದ ಮೇಲೂ ಸತ್ತಿದ್ದರೆ ಮಾತ್ರ ಸತ್ತರೆನ್ನಬೇಕು ಎಂದು ವೈದ್ಯರು ಹೇಳಿಕೊಡುವುದು ಅದಕ್ಕೇ. ಆದರೆ ಚಳಿಗೆ ಬಲಿಯಾಗಲು ಚಳಿಗಾಲವೇ ಬೇಕಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡರು. ಅವರಲ್ಲಿ ಬಹುಪಾಲು ಬೆಂಗಳೂರಿನವರು. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ಬೇಸಿಗೆಯಲ್ಲೂ ಮೈ ತಣ್ಣಗಾಗಿಬಿಡುತ್ತದೆ.

ಬಿಟ್ಟದ್ದೆಲ್ಲ ಬಿಟ್ಟೇಹೋಯಿತು ಎನ್ನುವಂತೆಯೂ ಇಲ್ಲ. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಅಪಾಯಕಾರಿ ಎಂದು ದಶಕಗಳ ಕಾಲ ಕಲಿಸಿದರು. ಇರಾಕ್, ಆಫ್ಘಾನಿಸ್ತಾನದ ಯುದ್ಧಗಳ ಅನುಭವದಿಂದ ಅದು ಗೌರವದಿಂದ ವಾಪಸಾಯಿತು. ಇಲ್ಲಿ ತರಬೇತುದಾರನಿಗೆ ಒಂದು ಪೇಚು: ಧಾರಾಕಾರ ರಕ್ತಕ್ಕೆ ಬಿಗಿಯಾಗಿ ಕಟ್ಟು ಎನ್ನಬೇಕು, ಅದೇ ಉಸಿರಿನಲ್ಲಿ ಹಾವು ಕಚ್ಚಿದ ಕಾಲಿಗೆ ಕಟ್ಟಲೇಬೇಡ ಎನ್ನಬೇಕು.

ಭಾರತದಲ್ಲಿ 108 ಆಂಬುಲೆನ್ಸ್ 2005ರಲ್ಲಿ ಹೈದರಾಬಾದಿನಿಂದ ಹೊರಟು 2008ರಲ್ಲಿ ಕರ್ನಾಟಕಕ್ಕೆ ಆರೋಗ್ಯ ಕವಚವಾಗಿ ಬಂತು. ತುರ್ತು ವೈದ್ಯದಲ್ಲಿ ಎಂ.ಡಿ. ಓದಲು ಮಾನ್ಯತೆ ದೊರೆತದ್ದು 2009ರಲ್ಲಿ. ಆದರೆ ನಮ್ಮ ಕಾಡುಮೇಡಿನ ವೈದ್ಯ ಅದಕ್ಕೂ ಮುಂಚೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದಿತ್ತು. ಕೊಂಕಣದ ಮಹಾಡ್ ಬಳಿ ಕೆಲಸಕ್ಕೆ ಸೇರಿದ ಹಿಮ್ಮತ್‌ರಾವ್ ಬಾವಸ್ಕರ್, ಕೆಂಪು ಚೇಳು ಕುಟುಕಿದ ಮಕ್ಕಳು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುವುದನ್ನು ಕಂಡರು. ಅಲರ್ಜಿಯ ಮದ್ದು, ಸ್ಟೀರಾಯ್ಡ್ ಕೊಡುವುದು ಆಗಿನ ಪದ್ಧತಿ. ಹಾಸಿಗೆಯ ಪಕ್ಕ ಕುಳಿತು ನಾಡಿ, ರಕ್ತದೊತ್ತಡ ಬರೆದಿಟ್ಟುಕೊಂಡು, ವಿಷ ರಕ್ತನಾಳಗಳನ್ನು ಬಿಗಿಸಿ ಹೃದಯವನ್ನು ಸೋಲಿಸುತ್ತದೆ ಎಂದು ಅರಿತ ಅವರು ರಕ್ತದೊತ್ತಡದ ಅಗ್ಗದ ಮಾತ್ರೆ ಪ್ರಾಝೋಸಿನ್ ಕೊಟ್ಟು ಸಾವುಗಳನ್ನು ತಡೆದರು. 1980ರ ದಶಕದಲ್ಲೇ ಲ್ಯಾನ್ಸೆಟ್ ವೈದ್ಯಪತ್ರಿಕೆ ಅದನ್ನು ಪ್ರಕಟಿಸಿತು. ಪದ್ಮಶ್ರೀ ಬಂದದ್ದು 2022ರಲ್ಲಿ.

ಇನ್ನು ಹಾವು. 2000ದಿಂದ 2019ರವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ 58,000 ಜನ ಹಾವಿನಿಂದ ಸತ್ತರೆಂದು 2020ರ ಅಧ್ಯಯನ ಅಂದಾಜಿಸಿತು. ಕೊಯ್ಯುವುದು, ಬಾಯಲ್ಲಿ ಹೀರುವುದು, ಪಂಪಿನಿಂದ ಹೀರುವುದು ಎಲ್ಲವೂ ನಿರರ್ಥಕವೆಂದು ಹೊರಬಿದ್ದವು. ಉಳಿದದ್ದು ಇಷ್ಟು: ಉಂಗುರ, ಕಾಲುಂಗುರ ತೆಗೆದು, ಅಂಗ ಅಲುಗಾಡದಂತೆ ಮಾಡಿ, ರೋಗಿಯನ್ನು ನಡೆಸದೆ ಹೊತ್ತುಕೊಂಡು ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯುವುದು. ಅಲ್ಲಿನ ಮುಖ್ಯ ಪರೀಕ್ಷೆಗೆ ಲ್ಯಾಬೂ ಬೇಡ. ಒಣಗಿದ ಹೊಸ ಗಾಜಿನ ಕೊಳವೆಗೆ 2 ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಮುಟ್ಟದೆ ಬಿಟ್ಟು, ಒಮ್ಮೆ ಓರೆ ಮಾಡಿ ನೋಡುವುದು. ಹೆಪ್ಪಾಗದೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ. ಪ್ಲಾಸ್ಟಿಕ್ ಕೊಳವೆ ಆಗದು. ಸೋಪಿನಲ್ಲಿ ತೊಳೆದ ಗಾಜೂ ಸುಳ್ಳು ಹೇಳುತ್ತದೆ. ಪ್ರತಿವಿಷದ ಪ್ರಮಾಣ ಮಗುವಿಗೂ ದೊಡ್ಡವರಿಗೂ ಒಂದೇ, ಏಕೆಂದರೆ ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ. ಆದರೆ ಕಟ್ಟುಹಾವಿನ ಕಡಿತದ ಬಗ್ಗೆ ಈ ಕೊಳವೆ ಏನನ್ನೂ ಹೇಳದು. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚಿ, ಗುರುತೂ ನೋವೂ ಉಳಿಸದೆ ಹೋಗುವ ಹಾವು ಅದು. ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ ಕಂಡವರು ಅದನ್ನು ನೆನೆಯಬೇಕು.

ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಯಾವ ತಾಲೂಕಿಗೆ ಎಷ್ಟು ಪ್ರತಿವಿಷ ಬೇಕೆಂಬ ಲೆಕ್ಕ ಇನ್ನಾದರೂ ಸಿಗಬಹುದು. ಲೆಕ್ಕಕ್ಕಿಂತ ಗಟ್ಟಿ ಸಮಸ್ಯೆ ಬಾಟಲಿಯೊಳಗೇ ಇದೆ. ನಮ್ಮ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷದಿಂದ; ಆ ವಿಷ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದ ಹಾವುಗಳದ್ದು. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಪಶ್ಚಿಮಘಟ್ಟದ ತೋಟಗಳಲ್ಲಿ ಕಚ್ಚುವ ಗುಳಿಮಂಡಲಗಳಿಗಂತೂ ಈ ಬಾಟಲಿಯಲ್ಲಿ ಮದ್ದೇ ಇಲ್ಲ. ಕೊಟ್ಟರೆ ಅಲರ್ಜಿಯ ಅಪಾಯವಷ್ಟೇ ಹೆಚ್ಚು. ಅಲ್ಲಿನ ಡಾಕ್ಟರು ಯಾವಾಗ ಕೊಡಬಾರದು ಎಂಬುದನ್ನೂ ಕಲಿಯಬೇಕಾಗಿದೆ.