ಆರ್ಟಿಕಲ್ ಅಂದ್ರ ಯಾವ ಆರ್ಟಿಕಲ್?

1/5
ಬಿಕಾಂ ಓದೋರಿಗೆ ಈ ಪದ ದಿನಾ ಎದುರಾಗ್ತದ. ಇಂಗ್ಲಿಷ್ ಕ್ಲಾಸಿನಾಗ ಆರ್ಟಿಕಲ್ ಅಂದ್ರ ಎ, ಆ್ಯನ್, ದಿ. ಕಂಪನಿ ಕಾನೂನಿನಾಗ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್, ಅಂದ್ರ ಕಂಪನಿ ತನ್ನ ಒಳಗಿನ ಕಾರಭಾರಕ್ಕೆ ಬರೆದುಕೊಂಡ ನಿಯಮಗಳು. ಜಿಎಸ್‌ಟಿ ಪಟ್ಟಿಯೊಳಗ ಬರೀ ವಸ್ತು: ಚರ್ಮದ ಆರ್ಟಿಕಲ್, ಪ್ಲಾಸ್ಟಿಕ್ ಆರ್ಟಿಕಲ್. ಪೇಪರಿನಾಗ ಬಂದ್ರ ಲೇಖನ. ಸಿಎ ಮಾಡೋರಿಗೆ ಆರ್ಟಿಕಲ್‌ಶಿಪ್. ಆದ್ರ ಕಲಬುರಗಿಯ ಜೆರಾಕ್ಸ್ ಅಂಗಡಿ ಮುಂದ ಸರ್ಟಿಫಿಕೇಟ್ ಫೈಲ್ ಹಿಡಿದು ನಿಂತವರಿಗೆ ಆರ್ಟಿಕಲ್ ಒಂದೇ: ತ್ರೀ ಸೆವೆಂಟಿ ಒನ್ ಜೆ.

2/5
ಇಷ್ಟೆಲ್ಲ ಅರ್ಥ ಎಲ್ಲಿಂದ ಬಂದ್ವು? ಲ್ಯಾಟಿನ್ ಭಾಷೆಯ 'ಆರ್ಟಿಕ್ಯುಲಸ್' ಅಂದ್ರ ಸಣ್ಣ ಕೀಲು, ನಮ್ಮ ಬೆರಳಿನ ಗೆಣ್ಣು ಇದ್ದಂಗ. ಅಜ್ಜಿಯ ಮೊಣಕಾಲಿಗೆ ಬರುವ ಆರ್ಥ್ರೈಟಿಸ್ ಕೂಡ ಇದೇ ಬಳಗದ ಪದ. ಕೀಲು ಕೀಲಾಗಿ ಬಿಡಿಸಿ ಬರೆದ ಕರಾರಿನ ಒಂದೊಂದು ಭಾಗವೂ ಆರ್ಟಿಕಲ್ ಆಯ್ತು. ಕೆಲಸ ಕಲಿಯೋ ಹುಡುಗ ಯಜಮಾನನ ಜೊತೆ ಮಾಡಿಕೊಂಡ ಅಂಥ ಕರಾರಿನಿಂದಲೇ ಆರ್ಟಿಕಲ್‌ಶಿಪ್ ಹುಟ್ಟಿತು. ಸಂವಿಧಾನದ ಆರ್ಟಿಕಲ್‌ಗೆ ಕನ್ನಡದಾಗ ಅನುಚ್ಛೇದ, ವಿಧಿ ಅಂತಾರ. ನಮ್ಮ ಕಡೆ ಹಿರಿಯರು 'ಕಲಂ' ಅಂತಾರ. ಅರಬ್ಬಿ ಮೂಲದ ಈ ಪದಕ್ಕೆ ಉರ್ದುದಾಗ ಲೇಖನಿ ಅಂತ ಅರ್ಥ, ಮರಾಠಿಯೊಳಗ ಗಿಡಕ್ಕೆ ಕಟ್ಟುವ ಕಸಿಗೂ ಇದೇ ಪದ.

3/5
ಈಗ ಇತಿಹಾಸ. 1947ರ ಆಗಸ್ಟ್ 15ರಂದು ಕಲಬುರಗಿಗೆ ಸ್ವಾತಂತ್ರ್ಯ ಬರಲಿಲ್ಲ. ನಾವಿನ್ನೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಅಲ್ಲಿ ಆಡಳಿತ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಹುಡುಗ ನೌಕರಿ ಬೇಕಂದ್ರ ಉರ್ದು ಕಲಿಯಲೇಬೇಕಿತ್ತು. ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಶಾಲೆ, ರಸ್ತೆ, ನೀರಾವರಿ ಎಲ್ಲದರಲ್ಲೂ ಹಳೇ ಮೈಸೂರಿಗಿಂತ ನಾವು ಹಿಂದೆ. ಸೇರಿಕೊಂಡ್ವಿ, ಆದ್ರ ಅಂತರ ಹಂಗೇ ಉಳೀತು. 2002ರ ನಂಜುಂಡಪ್ಪ ವರದಿ ರಾಜ್ಯದಾಗ ಅತ್ಯಂತ ಹಿಂದುಳಿದ 39 ತಾಲ್ಲೂಕು ಗುರುತಿಸಿತು. ಅವುಗಳಲ್ಲಿ 21 ನಮ್ಮ ವಿಭಾಗದವು!

4/5
ಪಕ್ಕದ ತೆಲಂಗಾಣದವರೂ ಅದೇ ಸಂಸ್ಥಾನದಲ್ಲಿದ್ದವರು. ಅಂದಿನ ಆಂಧ್ರಪ್ರದೇಶಕ್ಕೆ 371ಡಿ ಕೊಡುವ ತಿದ್ದುಪಡಿ 1973ರಲ್ಲೇ ಆಯಿತು. ನಮಗೂ ಬೇಕು ಅಂತ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಮಲ್ಲಿಕಾರ್ಜುನ ಖರ್ಗೆಯವರು ಕೇಂದ್ರ ಸಚಿವರಾಗಿದ್ದಾಗ, 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಬಂದದ್ದೇ 371ಜೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಸೀಟಿನಲ್ಲಿ ಪಾಲು, ನೌಕರಿಯಲ್ಲಿ ಪಾಲು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ಗ್ರೂಪಿಗೆ 75%, ಸಿ ಗ್ರೂಪಿಗೆ 80%, ಡಿ ಗ್ರೂಪಿಗೆ 85% ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ 8%.

5/5
ಇದನ್ನೆಲ್ಲ ಯಾಕ ಬರೆದೆ ಅಂದ್ರ, ಬೆಂಗಳೂರಿನಾಗ ಯಾರಾದ್ರೂ 'ನಿಮಗೇನಪ್ಪ, 371ಜೆ ಅದ' ಅಂದಾಗ ನಮ್ಮವರು ತಲಿ ಕೆಳಗ ಹಾಕ್ತಾರ. ಹಾಕಬ್ಯಾಡ್ರಿ. ಅದು ಯಾರೋ ಮಾಡಿದ ಮೆಹರ್ಬಾನಿ ಅಲ್ಲ. ತಡವಾಗಿ ಸೇರಿದ ಒಂದು ಭಾಗವನ್ನು ಉಳಿದ ಮೈಗೆ ಸರಿಯಾಗಿ ಜೋಡಿಸಲು ಹಾಕಿದ ಕೀಲು. ಆದ್ರ ಕೀಲು ತಾನಾಗೇ ಆಡಲ್ಲ, ನಾವೇ ಆಡಿಸಬೇಕು. ಕಮಲಾಪುರದಾಗ ಕೆಂಪು ಬಾಳೆ ಬೆಳೆಯೋ ರೈತರ ಮಕ್ಕಳು ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ಸಿಟಿ ಕಾಲೇಜಿಗೆ ಬರ್ತಾರ. ಅವರ ಮಾರ್ಕ್ಸ್ ಕಾರ್ಡು ಎಷ್ಟೇ ಚಲೋ ಇರಲಿ, ಅರ್ಜಿ ಹಾಕುವಾಗ ಅರ್ಹತಾ ಪ್ರಮಾಣಪತ್ರ ಕೈಯಾಗಿಲ್ಲಂದ್ರ ಈ ಪಾಲು ಸಿಗಲ್ಲ. ಇಲ್ಲಿ ಹುಟ್ಟಿದವರು, 2013ರ ಜನವರಿ 1ಕ್ಕಿಂತ ಮೊದಲು ಹತ್ತು ವರ್ಷ ಇಲ್ಲೇ ಇದ್ದವರು, ಅವರ ಮಕ್ಕಳು ಇದನ್ನ ಪಡೀಬಹುದು. ಸಹಿ ಸಹಾಯಕ ಆಯುಕ್ತರದು. ಕೊನೇ ದಿನಕ್ಕ ಓಡಬ್ಯಾಡ್ರಿ, ಈಗಲೇ ಮಾಡಿಸಿ ಇಟ್ಕೊಳ್ರಿ. ಪಿಯುಸಿ ಓದೋ ತಮ್ಮ-ತಂಗಿ ಇದ್ರ ಈ ಪೋಸ್ಟ್ ಕಳಿಸ್ರಿ.

ಮುಂದಿನ ಪದ: ಬ್ಯಾಲೆನ್ಸ್.

#ಒಂದುಪದಹಲವುಅರ್ಥ #ಕಲಬುರಗಿ #ಕಮಲಾಪುರ #ಕಲ್ಯಾಣಕರ್ನಾಟಕ