ದೊಡ್ಡಪ್ಪನ ಎಂಬತ್ತು

"ಎಂಬತ್ತು ದಾಟಿದ್ರೆ ಗಾಡಿ ತೇಲ್ತದಪ್ಪಾ" ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಮುಳಬಾಗಿಲು-ಕೋಲಾರದ ನಡುವೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಇಂಜಿನಿಯರಿಂಗ್ ಓದುವಾಗ ನಾನು ನಕ್ಕಿದ್ದೆ. ಒಂದು ಟನ್ ಮೀರಿದ ಕಬ್ಬಿಣ ತೇಲುತ್ತಾ?

ಮೊನ್ನೆ ತಮ್ಮ ಫೋನ್ ಮಾಡಿ, ಮನೆಯ ಹಳೇ ಮಾರುತಿ 800ರಲ್ಲಿ ಮಾಲೂರಿನ ಹತ್ತಿರ ಎಕ್ಸ್‌ಪ್ರೆಸ್‌ವೇ ಹತ್ತಿ 120 ಹೊಡೆದೆ ಅಂದ. ಎದೆ ಧಸಕ್ಕೆಂದಿತು. ಕೂತು ಲೆಕ್ಕ ಹಾಕಿದೆ.

ಮೊದಲು ಸ್ವಲ್ಪ ಇತಿಹಾಸ. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಮೂರನೇ ಸರಣಿ. ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿದರು. ದುಂಡು ಮೈ, ಹಿಂದಕ್ಕೆ ಇಳಿಜಾರು. ಆ ಬೆನ್ನ ಮೇಲೆ ಗಾಳಿ ಜೋರಾಗಿ ಹರಿದಾಗ ಅಲ್ಲಿ ಒತ್ತಡ ತಗ್ಗಿ, ಕಾರನ್ನು ಮೇಲಕ್ಕೆತ್ತುವ ಬಲ ಹುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು!

ಎತ್ತುವ ಗುಣಾಂಕ 0.3, ಮುಂಭಾಗದ ವಿಸ್ತೀರ್ಣ 2 ಚದರ ಮೀಟರ್ ಅಂತ ಇಟ್ಟುಕೊಂಡೆ. 80 ಕಿ.ಮೀ. ವೇಗದಲ್ಲಿ ಬಂದದ್ದು ಸುಮಾರು 17 ಕೆಜಿ. 120ರಲ್ಲಿ 37 ಕೆಜಿ. ಇಷ್ಟಕ್ಕೆ ಅಂಬಾಸಿಡರ್ ತೇಲುವುದಿಲ್ಲ.

ಹಾಗಾದರೆ ದೊಡ್ಡಪ್ಪ ಹೇಳಿದ್ದು ಸುಳ್ಳಾ? ಅಲ್ಲ. ಎತ್ತರದ ಮೈ, ಹಿಂದೆ ಪಟ್ಟಿ ಸ್ಪ್ರಿಂಗು, ಸವೆದು ಸಡಿಲವಾದ ಸ್ಟೇರಿಂಗು. ಆಗಿನ ನಾಲ್ಕನೇ ನಂಬರಿನ ಹೆದ್ದಾರಿಗೆ ನಡುವೆ ಡಿವೈಡರ್ ಇರಲಿಲ್ಲ. ಶ್ರೀನಿವಾಸಪುರದ ಮಾವು ಹೇರಿದ ಲಾರಿ ಎದುರಿನಿಂದ ಭರ್ರೆಂದು ಹಾದುಹೋದರೆ, ಅದರ ಗಾಳಿಯ ಏಟಿಗೇ ಕಾರು ಪಕ್ಕಕ್ಕೆ ಸರಿಯುತ್ತಿತ್ತು. ಕೈಗೆ ಸಿಕ್ಕಿದ ಅನುಭವಕ್ಕೆ ಅವರು ಕೊಟ್ಟ ಹೆಸರು 'ತೇಲೋದು'.

ಎತ್ತುವ ಬಲದ ನಿಜವಾದ ಆಟ ಇನ್ನೂ ಹೆಚ್ಚಿನ ವೇಗದಲ್ಲಿ. 1998ರಲ್ಲಿ ಬಂದ ಆಡಿ ಟಿಟಿ ನೋಡಲು ಬಲು ಚೆಂದ, ಹಿಂಭಾಗ ನುಣ್ಣಗೆ ದುಂಡು. ಜರ್ಮನಿಯ ಹೆದ್ದಾರಿಗಳಲ್ಲಿ ಅತಿ ವೇಗದಲ್ಲಿ ತಿರುಗುವಾಗ ಹಿಂಬದಿ ಹಗುರಾಗಿ ಸಾವುಗಳಾದವು. ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಹಿಂದೆ ಸ್ಪಾಯ್ಲರ್ ಕೂರಿಸಿತು.

2024ರ ಕೊನೆಯಲ್ಲಿ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ತೆರೆಯಿತು. ವಿನ್ಯಾಸದ ವೇಗ 120. ಅದು ರಸ್ತೆಯ ವೇಗ ಸ್ವಾಮಿ, ನಮ್ಮ ಮಾರುತಿಯದ್ದಲ್ಲ! ಸುಮಾರು 650 ಕೆಜಿಯ ಕಾರು, 12 ಇಂಚಿನ ಚಕ್ರ, ಬಯಲಿನಲ್ಲಿ ಅಡ್ಡಗಾಳಿ. ಎಂಬತ್ತು ಅನ್ನೋದು ದೊಡ್ಡಪ್ಪ ತಮ್ಮ ಗಾಡಿ, ತಮ್ಮ ರಸ್ತೆ ಎರಡನ್ನೂ ತೂಗಿ ಇಟ್ಟುಕೊಂಡ ಲೆಕ್ಕ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ಸರಿ, ಎಂಬತ್ತೇ" ಅಂದ. ಅವತ್ತು ನಕ್ಕಿದ್ದಕ್ಕೆ ಕ್ಷಮೆ ಕೇಳೋಣ ಅಂದರೆ ದೊಡ್ಡಪ್ಪ ಈಗಿಲ್ಲ.